ಕೇಳಿ ಕೇಳಿ ನಿಜವಾಗುವ ಮಾತು

‘ಒಂದು ಸುಳ್ಳನ್ನು ನೂರು ಸಲ ಹೇಳಿದರೆ ಅದೇ ನಿಜವಾಗುತ್ತದೆ.’ ರಾಜಕೀಯ ಪ್ರಚಾರದ ವಿಷಯ ಬಂದರೆ ಸಾಕು, ಯಾರಾದರೊಬ್ಬರು ಈ ಮಾತನ್ನು ಎತ್ತಿಯೇ ಎತ್ತುತ್ತಾರೆ. ಹಿಂದೆಯೇ ಹೇಳಿದವನ ಹೆಸರೂ ಬರುತ್ತದೆ: ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್. ತಮಾಷೆಯೆಂದರೆ, ಗೋಬೆಲ್ಸ್ ಹೀಗೆ ಹೇಳಿದ್ದಕ್ಕೆ ಒಂದೇ ಒಂದು ದಾಖಲೆಯಿಲ್ಲ. ಹತ್ತಿರದ ಮಾತೆಂದರೆ 1941ರ ಜನವರಿಯಲ್ಲಿ ಚರ್ಚಿಲ್ಲರನ್ನು ಹೀಗಳೆದು ಅವನು ಬರೆದ ಒಂದು ಲೇಖನದ್ದು. ಸುಳ್ಳು ಹೇಳುವುದಾದರೆ ದೊಡ್ಡದನ್ನೇ ಹೇಳಬೇಕು, ಹೇಳಿದ ಮೇಲೆ ಅದನ್ನೇ ಹಿಡಿದು ಕೂರಬೇಕು ಎಂಬುದು ಇಂಗ್ಲಿಷರ ನೀತಿ ಎಂದು ಅಲ್ಲಿ ದೂರಿದ್ದ. ಆರೋಪ ಎದುರಾಳಿಯ ಮೇಲೆ! ಹಿಟ್ಲರ್ ಕೂಡ ಆತ್ಮಕಥೆಯಲ್ಲಿ ‘ಮಹಾಸುಳ್ಳಿನ’ ಆಪಾದನೆಯನ್ನು ಯಹೂದಿಗಳ ತಲೆಗೆ ಕಟ್ಟಿದ್ದ. ಅಷ್ಟಕ್ಕೂ ‘ನಾನು ಸುಳ್ಳು ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ’ ಎಂದು ಡಂಗುರ ಸಾರುವ ಪ್ರಚಾರಕ ಎಲ್ಲಿದ್ದಾನೆ?

ಹಾಗಾದರೆ ಗೋಬೆಲ್ಸ್ ಹೇಳಿದನೆಂದು ಇಷ್ಟು ಜನ ನಂಬಿರುವುದೇಕೆ? ಮತ್ತೆ ಮತ್ತೆ ಕೇಳಿದ್ದೇವೆ, ಅದಕ್ಕೆ. ಪುನರಾವರ್ತನೆಯ ಮಹಿಮೆಯನ್ನು ಸಾರುವ ಮಾತು ತಾನೇ ಪುನರಾವರ್ತನೆಯ ಬಲದಿಂದ ಬದುಕಿದೆ.

ಮಾತು ಗೋಬೆಲ್ಸನದಲ್ಲ, ಸರಿ. ಅದರ ಸಾರವಾದರೂ ನಿಜವೇ? ಅರ್ಧ ನಿಜ. ಉಳಿದರ್ಧ ಇನ್ನೂ ಸ್ವಾರಸ್ಯಕರ.

ಅಮೆರಿಕದ ಮನೋವಿಜ್ಞಾನಿಗಳಾದ ಲಿನ್ ಹ್ಯಾಷರ್, ಡೇವಿಡ್ ಗೋಲ್ಡ್‌ಸ್ಟೀನ್, ಥಾಮಸ್ ಟೊಪ್ಪಿನೊ 1977ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಅರವತ್ತು ಹೇಳಿಕೆಗಳ ಪಟ್ಟಿ ಕೊಟ್ಟರು. ಎಲ್ಲವೂ ನಂಬಬಹುದಾದಂಥವೇ, ಕೆಲವು ನಿಜ, ಕೆಲವು ಸುಳ್ಳು. ಪ್ರತಿಯೊಂದೂ ಎಷ್ಟರಮಟ್ಟಿಗೆ ನಿಜವೆನ್ನಿಸುತ್ತದೆ ಎಂದು ಏಳರೊಳಗೆ ಅಂಕ ಹಾಕಬೇಕು. ಎರಡು ವಾರ ಬಿಟ್ಟು ಇನ್ನೊಂದು ಪಟ್ಟಿ, ಮತ್ತೆರಡು ವಾರಕ್ಕೆ ಮೂರನೆಯದು. ಈ ಪೈಕಿ ಇಪ್ಪತ್ತು ಹೇಳಿಕೆಗಳು ಮಾತ್ರ ಮೂರೂ ಪಟ್ಟಿಗಳಲ್ಲಿದ್ದವು. ಅವುಗಳ ಸರಾಸರಿ ಅಂಕ ಮೊದಲ ಸಲ 4.2, ಎರಡನೇ ಸಲ 4.6, ಮೂರನೇ ಸಲ 4.7. ಒಂದೇ ಸಲ ಕಂಡ ಹೇಳಿಕೆಗಳ ಅಂಕ ಇದ್ದಲ್ಲೇ ಇತ್ತು. ನಡುವೆ ಯಾರೂ ಪುರಾವೆ ಕೊಟ್ಟಿರಲಿಲ್ಲ, ವಾದ ಮಾಡಿರಲಿಲ್ಲ. ಮತ್ತೆ ಕಣ್ಣಿಗೆ ಬಿತ್ತು, ಅಷ್ಟೇ.

ಈ ಮೂರು ಅಂಕಿಗಳನ್ನು ಇನ್ನೊಮ್ಮೆ ನೋಡಿ. ದೊಡ್ಡ ಜಿಗಿತ ಇರುವುದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ. ಅಂದರೆ ನೂರು ಸಲ ಹೇಳುವ ಶ್ರಮ ಬೇಕಿಲ್ಲ. ಎರಡನೇ ಸಲ ಕಿವಿಗೆ ಬೀಳುವಾಗಲೇ ಬಹುಪಾಲು ಕೆಲಸ ಮುಗಿದಿರುತ್ತದೆ. ಇನ್ನೊಂದು, 4.7 ಎಂದರೆ ಏಳರಲ್ಲಿ ನಡುಮಟ್ಟಕ್ಕಿಂತ ತುಸು ಮೇಲೆ. ಸುಳ್ಳು ‘ನಿಜವಾಗಲಿಲ್ಲ’. ‘ಹೇಳಲಾರೆ’ ಎಂಬಲ್ಲಿಂದ ‘ಇದ್ದರೂ ಇರಬಹುದು’ ಎಂಬ ಕಡೆಗೆ ಒಂದಿಷ್ಟು ವಾಲಿತು. ಚುನಾವಣೆಯ ಹೊತ್ತಿಗೆ ಒಂದು ವದಂತಿಗೆ ಅದಕ್ಕಿಂತ ಹೆಚ್ಚೇನೂ ಬೇಕಾಗಿಯೂ ಇಲ್ಲ.

ಮನಸ್ಸು ಹೀಗೇಕೆ ಮಾಡುತ್ತದೆ? ಒಂದು ಮಾತು ಎದುರಾದಾಗ ಅದನ್ನು ಲೋಕದೊಂದಿಗೆ ಹೋಲಿಸಿ ಪರೀಕ್ಷಿಸಲು ನಮಗೆ ಪುರುಸೊತ್ತಿರುವುದಿಲ್ಲ. ಮನಸ್ಸು ಅಡ್ಡದಾರಿ ಹಿಡಿಯುತ್ತದೆ: ಇದನ್ನು ಅರ್ಥಮಾಡಿಕೊಳ್ಳಲು ಎಷ್ಟು ಸುಲಭವಾಯಿತು? ಹಿಂದೊಮ್ಮೆ ಕೇಳಿದ್ದರೆ ಪದಗಳು ಗುರುತಿನವು, ವಾಕ್ಯ ಎಡವದೆ ಒಳಗಿಳಿಯುತ್ತದೆ. ಈ ಸರಾಗವನ್ನೇ ಮನಸ್ಸು ಸತ್ಯದ ಲಕ್ಷಣವೆಂದು ಎಣಿಸುತ್ತದೆ. ಇದು ಪೆದ್ದುತನವಲ್ಲ. ದಿನನಿತ್ಯ ನಮ್ಮ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತುಗಳಲ್ಲಿ ಹೆಚ್ಚಿನವು ನಿಜವೇ ಆಗಿರುವುದರಿಂದ ಲೆಕ್ಕ ಬಹುತೇಕ ಸರಿಹೋಗುತ್ತದೆ. ಪ್ರಚಾರಕ ಕೈ ಹಾಕುವುದು ಸರಿಹೋಗದ ಆ ಉಳಿಕೆಯೊಳಕ್ಕೆ.

ಸರಾಗವೇ ಇಲ್ಲಿ ಮೂಲವಾದರೆ, ಪುನರಾವರ್ತನೆ ಇಲ್ಲದೆ ಬೇರೆ ದಾರಿಯಲ್ಲಿ ಸರಾಗ ತಂದರೂ ಇದೇ ಫಲ ಸಿಗಬೇಕಲ್ಲವೇ? ನನಗೆ ಅತ್ಯಂತ ಖುಷಿ ಕೊಡುವ ಭಾಗ ಇದು. 1999ರಲ್ಲಿ ರೋಲ್ಫ್ ರೆಬರ್ ಮತ್ತು ನಾರ್ಬರ್ಟ್ ಶ್ವಾರ್ಟ್ಸ್ ‘ಒಸೋರ್ನೊ ಚಿಲಿ ದೇಶದಲ್ಲಿದೆ’ ಎಂಬಂಥ ವಾಕ್ಯಗಳನ್ನು ಬಿಳಿ ಪರದೆಯ ಮೇಲೆ ಬೇರೆ ಬೇರೆ ಬಣ್ಣದಲ್ಲಿ ತೋರಿಸಿದರು. ಎದ್ದು ಕಾಣುವ ಬಣ್ಣದವು, ಕಣ್ಣಿಗೆ ತೊಡಕಾಗುವ ಪೇಲವ ಬಣ್ಣದವುಗಳಿಗಿಂತ ತುಸು ಹೆಚ್ಚು ‘ನಿಜ’ ಎನ್ನಿಸಿಕೊಂಡವು. ವ್ಯತ್ಯಾಸ ಚಿಕ್ಕದು, ಆದರೂ ಬಣ್ಣಕ್ಕೂ ಚಿಲಿಯ ಭೂಗೋಳಕ್ಕೂ ಏನು ಸಂಬಂಧ? ಮರುವರ್ಷ ಮ್ಯಾಥ್ಯೂ ಮೆಕ್‌ಗ್ಲೋನ್ ಮತ್ತು ಜೆಸಿಕಾ ತೋಫಿಘ್‌ಬಕ್ಷ್ ಪ್ರಾಸದ ಮೇಲೆ ಕಣ್ಣಿಟ್ಟರು. ಅಪರಿಚಿತ ಗಾದೆಗಳನ್ನು ಪ್ರಾಸವಿದ್ದಂತೆ ಕೆಲವರಿಗೆ, ಅರ್ಥ ಕೆಡದಂತೆ ಪ್ರಾಸ ಮುರಿದು ಇನ್ನು ಕೆಲವರಿಗೆ ಓದಿಸಿದರೆ, ಪ್ರಾಸವಿದ್ದದ್ದು ಮನುಷ್ಯ ಸ್ವಭಾವವನ್ನು ಹೆಚ್ಚು ಸರಿಯಾಗಿ ಹೇಳುತ್ತದೆ ಎಂದರು ಜನ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಗಾದೆಯನ್ನು ನಾವು ಒಪ್ಪುವುದರಲ್ಲಿ ವೇದ–ಗಾದೆಗಳ ಪ್ರಾಸದ ಪಾಲೆಷ್ಟೋ! ಚುನಾವಣಾ ಘೋಷಣೆ ಬರೆಯುವವರು ಪ್ರಾಸಕ್ಕಾಗಿ ತಿಣುಕುವುದು ಸುಮ್ಮನೆ ಅಲ್ಲ.

ಈಗ ಒಂದು ಹಳೆಯ ಕಥೆ. ಪಂಚತಂತ್ರದಲ್ಲಿ ಬ್ರಾಹ್ಮಣನೊಬ್ಬ ಮೇಕೆಯನ್ನು ಹೆಗಲ ಮೇಲೆ ಹೊತ್ತು ಬರುತ್ತಿರುತ್ತಾನೆ. ಮೂವರು ಠಕ್ಕರು ದಾರಿಯಲ್ಲಿ ಬೇರೆ ಬೇರೆ ಕಡೆ ನಿಂತು, ಒಬ್ಬರಾದ ಮೇಲೊಬ್ಬರು, ‘ಇದೇನು ಸ್ವಾಮಿ, ಹೆಗಲ ಮೇಲೆ ನಾಯಿ?’ ಎನ್ನುತ್ತಾರೆ. ಕೊನೆಗೆ ಅವನು ಮೇಕೆಯನ್ನು ಬಿಟ್ಟು ಓಡುತ್ತಾನೆ. ಠಕ್ಕರ ಜಾಣತನ ಇರುವುದು ಸುಳ್ಳಿನಲ್ಲಲ್ಲ, ಬೇರೆ ಬೇರೆ ಕಡೆ ನಿಂತದ್ದರಲ್ಲಿ. ಒಬ್ಬರಿಗೊಬ್ಬರು ಗುರುತಿಲ್ಲದ ಮೂವರು ಒಂದೇ ಮಾತು ಹೇಳಿದರೆ ನಂಬುವುದು ತರ್ಕಕ್ಕೂ ಒಪ್ಪುವಂಥದ್ದೇ. ಆದರೆ ನಮ್ಮ ಮನಸ್ಸು ಆ ಬ್ರಾಹ್ಮಣನಿಗಿಂತಲೂ ಅಗ್ಗ. ಕಿಂಬರ್ಲೀ ವೀವರ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ಗುಂಪಿನ ಒಬ್ಬನೇ ಮೂರು ಸಲ ಹೇಳಿದ ಅಭಿಪ್ರಾಯವೂ, ಮೂವರು ಬೇರೆ ಬೇರೆಯಾಗಿ ಹೇಳಿದಾಗಿನಷ್ಟು ಅಲ್ಲದಿದ್ದರೂ ಅದಕ್ಕೆ ಹತ್ತಿರ ಬರುವಷ್ಟು, ‘ಇದು ಎಲ್ಲರ ಅಭಿಪ್ರಾಯ’ ಎಂಬ ಭಾವನೆ ಹುಟ್ಟಿಸುತ್ತದೆ. ಎಷ್ಟು ಸಲ ಕೇಳಿದೆ ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ; ಯಾರ ಬಾಯಿಂದ ಎಂಬುದು ಜಾರಿಹೋಗುತ್ತದೆ.

ಠಕ್ಕರ ಉಪಾಯವನ್ನು ಒಂದು ದೇಶದ ಅಳತೆಗೆ ಹಿಗ್ಗಿಸಿದ್ದು ಅಮೆರಿಕ. 1917ರ ಏಪ್ರಿಲ್‌ನಲ್ಲಿ ಮೊದಲ ಮಹಾಯುದ್ಧಕ್ಕೆ ಇಳಿದ ಕೂಡಲೇ ಅಧ್ಯಕ್ಷ ವಿಲ್ಸನ್ ಪತ್ರಕರ್ತ ಜಾರ್ಜ್ ಕ್ರೀಲ್ ಕೈಯಲ್ಲಿ ಸಾರ್ವಜನಿಕ ಮಾಹಿತಿ ಸಮಿತಿಯನ್ನು ಕಟ್ಟಿಸಿದರು. ಅದರ ಒಂದು ಅಂಗ ‘ನಾಲ್ಕು ನಿಮಿಷದ ಜನ’. ಸಿನಿಮಾ ಮಂದಿರದಲ್ಲಿ ರೀಲು ಬದಲಿಸಲು ಸುಮಾರು ನಾಲ್ಕು ನಿಮಿಷ ಹಿಡಿಯುತ್ತಿದ್ದ ಕಾಲ ಅದು. ಆ ಬಿಡುವಿನಲ್ಲಿ ಊರಿನ ವಕೀಲನೋ ಬ್ಯಾಂಕಿನವನೋ ಎದ್ದು ನಿಂತು ಯುದ್ಧದ ಪರವಾಗಿ ನಾಲ್ಕು ಮಾತಾಡುತ್ತಿದ್ದ. ಇಂಥ ಸ್ವಯಂಸೇವಕರು ಸುಮಾರು 75,000. ಯಾವ ವಾರ ಯಾವ ವಿಷಯ, ಯಾವ ಅಂಶಗಳು ಎಂಬ ಸೂಚನೆ ವಾಷಿಂಗ್ಟನ್‌ನಿಂದ ಅಚ್ಚಾಗಿ ಬರುತ್ತಿತ್ತು. ಕೇಳುವವರಿಗೆ ಮಾತ್ರ ಮಾತಾಡುತ್ತಿದ್ದವನು ತಮ್ಮ ಊರಿನ ಪರಿಚಯದ ಮುಖ. ಸರ್ಕಾರ ಒಂದೇ ಗಂಟಲಿನಿಂದ ಕೂಗಿದ್ದರೆ ‘ಸರ್ಕಾರ ಹೇಳುತ್ತಿದೆ’ ಎನ್ನುತ್ತಿದ್ದರು. 75,000 ಗಂಟಲುಗಳಿಂದ ಬಂದಾಗ ಅದು ‘ಎಲ್ಲರೂ ಹೇಳುತ್ತಿದ್ದಾರೆ’ ಆಯಿತು. ಇಂದು ಒಂದೇ ಒಕ್ಕಣೆಯ ಸಂದೇಶ ನೂರು ಖಾತೆಗಳಿಂದ ಒಂದೇ ಗಂಟೆಯಲ್ಲಿ ಹೊರಡುವುದನ್ನು ಹೊಸ ಯುಗದ ಪಿಡುಗು ಎನ್ನುವವರು ಈ ಪುಟವನ್ನು ಓದಬೇಕು.

ನಾಜಿಗಳು ಹಿಡಿದ ದಾರಿ ಬೇರೆ: ಗಂಟಲು ಒಂದೇ, ಆದರೆ ಮನೆಮನೆಯಲ್ಲೂ. 1933ರ ಆಗಸ್ಟಿನಲ್ಲಿ ಬಿಡುಗಡೆಯಾದ ‘ಜನರ ರೇಡಿಯೊ’ ಬೆಲೆ 76 ಮಾರ್ಕ್; 1938ರಲ್ಲಿ ಬಂದ ಪುಟ್ಟ ಮಾದರಿಗೆ 35. ಇದಕ್ಕಿಂತ ಸೂಕ್ಷ್ಮವಾದದ್ದನ್ನು ಗಮನಿಸಿದವರು ಡ್ರೆಸ್ಡನ್ನಿನ ಭಾಷಾ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪರರ್. ಯಹೂದಿ ಎಂಬ ಕಾರಣಕ್ಕೆ 1935ರಲ್ಲಿ ಕೆಲಸ ಕಳೆದುಕೊಂಡ ಅವರು ಗುಟ್ಟಾಗಿ ದಿನಚರಿ ಬರೆಯುತ್ತ, ಸುತ್ತಲಿನ ಮಾತು ಹೇಗೆ ಬದಲಾಗುತ್ತಿದೆ ಎಂದು ಗುರುತು ಹಾಕಿಕೊಂಡರು. ಜನರನ್ನು ಬದಲಿಸಿದ್ದು ಭಾಷಣಗಳಲ್ಲ, ದಿನಬಳಕೆಯಲ್ಲಿ ಸೇರಿಹೋದ ಬಿಡಿ ಪದಗಳು ಮತ್ತು ನುಡಿಗಟ್ಟುಗಳು ಎಂಬುದು ಅವರ ತೀರ್ಮಾನ. ಮತಾಂಧ ಎಂಬುದು ಬೈಗುಳವಾಗಿ ಉಳಿಯದೆ ಹೊಗಳಿಕೆಯಾಯಿತು. ನಾಜಿಗಳನ್ನು ದ್ವೇಷಿಸುತ್ತಿದ್ದವರೂ, ಅವರಿಂದ ಹಿಂಸೆಗೊಳಗಾದವರೂ ಅದೇ ಪದಗಳಲ್ಲಿ ಮಾತಾಡತೊಡಗಿದ್ದನ್ನು ಕಂಡು ಅವರು ಬೆಚ್ಚಿದರು.

ಇಲ್ಲಿಗೆ ‘ಓದುಬರಹ ಬಲ್ಲವರು ಮೋಸ ಹೋಗುವುದಿಲ್ಲ’ ಎಂಬ ನಂಬಿಕೆಯ ಮಾತೂ ಬಂತು. ನನಗೆ ಸಿಟ್ಟು ತರಿಸುವ ಮೂಢನಂಬಿಕೆಗಳಲ್ಲಿ ಇದಕ್ಕೆ ಮೊದಲ ಸ್ಥಾನ, ಏಕೆಂದರೆ ಇದನ್ನು ನಂಬಿರುವವರೆಲ್ಲ ಓದಿದವರು. 2015ರಲ್ಲಿ ಲೀಸಾ ಫಾಜಿಯೊ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆಗೆ ಹಚ್ಚಿದರು. ಅವರು ಬಳಸಿದ ಒಂದು ವಾಕ್ಯ: ‘ಸ್ಕಾಟ್ಲೆಂಡಿನವರು ಉಡುವ ನೆರಿಗೆಯ ಗಿಡ್ಡ ಲಂಗಕ್ಕೆ ಸೀರೆ ಎನ್ನುತ್ತಾರೆ.’ ನಗು ಬರುತ್ತದೆ. ಅದು ಸೀರೆಯಲ್ಲ, ಕಿಲ್ಟ್ ಎಂದು ಪ್ರಯೋಗದಲ್ಲಿದ್ದ ವಿದ್ಯಾರ್ಥಿಗಳಲ್ಲೂ ಅನೇಕರಿಗೆ ಗೊತ್ತಿತ್ತು. ಗೊತ್ತಿತ್ತೇ ಇಲ್ಲವೇ ಎಂದು ಸಂಶೋಧಕರು ಬೇರೆಯಾಗಿ ಪರೀಕ್ಷಿಸಿದ್ದರು. ಆದರೂ ಇಂಥ ವಾಕ್ಯವನ್ನು ಹಿಂದೊಮ್ಮೆ ಓದಿದ್ದವರು, ಓದಿರದಿದ್ದವುಗಳಿಗೆ ಹೋಲಿಸಿದರೆ, ಅದಕ್ಕೆ ಹೆಚ್ಚು ಸತ್ಯಾಂಕ ಕೊಟ್ಟರು. ಸರಿಯುತ್ತರ ತಲೆಯಲ್ಲೇ ಇತ್ತು. ಅದನ್ನು ಕೇಳುವ ಗೋಜಿಗೆ ಮನಸ್ಸು ಹೋಗಲಿಲ್ಲ.

ಪದಗಳ ಆಯ್ಕೆಯ ವಿಷಯ ಎಲ್ಲರಿಗೂ ತಿಳಿದದ್ದೇ, ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. 1940ರ ಸುಮಾರಿಗೆ ಅಮೆರಿಕದಲ್ಲಿ ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳಿಗೆ ‘ಅವಕಾಶ ಕೊಡಬೇಕೇ’ ಎಂದು ಕೇಳಿದಾಗ ಶೇ. 62 ಮಂದಿ ಕೊಡಬಾರದು ಎಂದರು. ಅದನ್ನೇ ‘ನಿಷೇಧಿಸಬೇಕೇ’ ಎಂದು ಕೇಳಿದಾಗ ಹೌದು ಎಂದವರು ಶೇ. 46 ಮಾತ್ರ. ಅವಕಾಶ ಕೊಡದಿರುವುದೂ ನಿಷೇಧವೂ ಒಂದೇ ತಾನೆ? ಅಧಿಕಾರದಲ್ಲಿರುವವರಿಗೆ ಇದು ಚೆನ್ನಾಗಿ ಗೊತ್ತು. 2022ರಲ್ಲಿ ಉಕ್ರೇನಿನೊಳಕ್ಕೆ ಸೈನ್ಯ ನುಗ್ಗಿಸಿದ ರಷ್ಯಾ ಅದನ್ನು ‘ವಿಶೇಷ ಸೈನಿಕ ಕಾರ್ಯಾಚರಣೆ’ ಎಂದಿತು. ‘ಯುದ್ಧ’, ‘ಆಕ್ರಮಣ’ ಎಂದು ಬರೆಯಕೂಡದೆಂದು ಪತ್ರಿಕೆಗಳಿಗೆ ತಾಕೀತು ಮಾಡಿತು. ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಸೆರೆವಾಸವೆಂಬ ಕಾನೂನನ್ನೂ ಮಾರ್ಚ್ ಮೊದಲ ವಾರದಲ್ಲೇ ತಂದಿತು.

ಹಾಗೆಂದು ಪ್ರಚಾರವನ್ನು ವಶೀಕರಣ ವಿದ್ಯೆ ಎಂದುಕೊಳ್ಳಬೇಡಿ. ಅದೂ ಇನ್ನೊಂದು ಕಂದಾಚಾರ. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವೇಳೆ ಪಾಲ್ ಲಾಜರ್ಸ್‌ಫೆಲ್ಡ್ ತಂಡ ಒಹಾಯೊದ ಈರಿ ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಹಿಂಬಾಲಿಸಿತು. ಪ್ರಚಾರ ಕೇಳಿ ಪಕ್ಷ ಬದಲಿಸಿದವರು ಕೆಲವೇ ಮಂದಿ. ಹೆಚ್ಚಿನವರಲ್ಲಿ ಅದು ಮೊದಲೇ ಇದ್ದ ಒಲವನ್ನು ಗಟ್ಟಿ ಮಾಡಿತ್ತು, ಅಷ್ಟೇ.

ಇನ್ನು ಸುಳ್ಳನ್ನು ತಿದ್ದುವ ಪ್ರಶ್ನೆ. 1994ರಲ್ಲಿ ಹಾಲಿನ್ ಜಾನ್ಸನ್ ಮತ್ತು ಕೊಲೀನ್ ಸೈಫರ್ಟ್ ಜನರಿಗೆ ಒಂದು ಉಗ್ರಾಣಕ್ಕೆ ಬೆಂಕಿ ಬಿದ್ದ ವರದಿಯನ್ನು ಕಂತುಕಂತಾಗಿ ಓದಿಸಿದರು. ಕೋಣೆಯೊಂದರಲ್ಲಿ ಬಣ್ಣದ ಡಬ್ಬಿ, ಗ್ಯಾಸ್ ಸಿಲಿಂಡರ್ ಇದ್ದವೆಂದು ಮೊದಲು ಹೇಳಿ, ಆಮೇಲೆ ‘ಇಲ್ಲ, ಆ ಕೋಣೆ ಖಾಲಿಯಿತ್ತು’ ಎಂದು ತಿದ್ದಿದರು. ತಿದ್ದುಪಡಿ ಹೆಚ್ಚಿನವರಿಗೆ ನೆನಪಿತ್ತು. ಆದರೂ ‘ಹೊಗೆ ಅಷ್ಟೇಕೆ ದಟ್ಟವಾಗಿತ್ತು?’ ಎಂದರೆ ಬಣ್ಣದ ಡಬ್ಬಿಗಳೇ ಬಾಯಿಗೆ ಬರುತ್ತಿದ್ದವು. ‘ಖಾಲಿಯಿತ್ತು’ ಎನ್ನುವುದರ ಜೊತೆಗೆ, ಬೇಕೆಂದೇ ಬೆಂಕಿ ಇಟ್ಟದ್ದಕ್ಕೆ ಸುಳಿವು ಸಿಕ್ಕಿದೆ ಎಂದು ಬದಲಿ ಕಾರಣ ಕೊಟ್ಟಾಗ ಡಬ್ಬಿಗಳ ಮಾತು ಗಣನೀಯವಾಗಿ ಇಳಿಯಿತು. ಸುಳ್ಳನ್ನು ಕಿತ್ತ ಜಾಗ ಖಾಲಿ ಬಿದ್ದಿದ್ದರೆ ಅದೇ ಸುಳ್ಳು ಮರಳಿ ಬಂದು ಕೂರುತ್ತದೆ.

ತಿದ್ದುಪಡಿ ಯಾವಾಗಲೂ ತಿರುಗುಬಾಣವಾಗುತ್ತದೆ ಎಂಬ ಮಾತು ಕೆಲವು ವರ್ಷಗಳ ಹಿಂದೆ ಬಹಳ ಓಡಾಡಿತು. ಈಚಿನ ಪ್ರಯೋಗಗಳಲ್ಲಿ ಅದಕ್ಕೆ ಬೆಂಬಲ ಸಿಗಲಿಲ್ಲ. ತಿದ್ದುಪಡಿ ಬಹುಮಟ್ಟಿಗೆ ಕೆಲಸ ಮಾಡುತ್ತದೆ, ಆದರೆ ಪೂರ್ತಿಯಾಗಿ ಅಲ್ಲ, ಮತ್ತು ದಿನ ಕಳೆದಂತೆ ಸವೆಯುತ್ತದೆ. ಹೀಗಾಗಿ ಸುಳ್ಳನ್ನೇ ದೊಡ್ಡ ಅಕ್ಷರದಲ್ಲಿ ಶೀರ್ಷಿಕೆ ಮಾಡಿ, ಕೆಳಗೆಲ್ಲೋ ‘ಇದು ನಿಜವಲ್ಲ’ ಎನ್ನುವ ಪತ್ರಿಕಾ ಪದ್ಧತಿ ಕಂಡರೆ ನನಗೆ ಮೈ ಉರಿಯುತ್ತದೆ. ಶೀರ್ಷಿಕೆಯಷ್ಟನ್ನೇ ಓದಿ ಮುಂದೆ ಹೋದವನಿಗೆ ಸುಳ್ಳು ಇನ್ನೊಂದು ಸಲ ಕಿವಿಗೆ ಬಿದ್ದಂತಾಯಿತು.

ನಡಿಯಾ ಬ್ರಾಷಿಯರ್ ಮತ್ತು ಸಂಗಡಿಗರ 2020ರ ಪ್ರಯೋಗಗಳಲ್ಲಿ ಒಂದು ಸಣ್ಣ ಬದಲಾವಣೆ ಇತ್ತು. ಹೇಳಿಕೆಯನ್ನು ಮೊದಲ ಸಲ ಓದುವಾಗಲೇ ಕೆಲವರನ್ನು ‘ಇದು ಸ್ವಾರಸ್ಯಕರವೇ?’ ಎಂದು ಕೇಳಲಿಲ್ಲ, ‘ಇದು ನಿಜವೇ?’ ಎಂದು ಕೇಳಿದರು. ಅವರಲ್ಲಿ ಮುಂದೆ ಪುನರಾವರ್ತನೆಯ ಮಾಯೆ ನಡೆಯಲಿಲ್ಲ. ಆದರೆ ಸರಿಯುತ್ತರ ಮೊದಲೇ ಗೊತ್ತಿದ್ದ ವಿಷಯಗಳಲ್ಲಿ ಮಾತ್ರ. ಗೊತ್ತಿಲ್ಲದ ವಿಷಯಗಳಲ್ಲಿ ಆ ಪ್ರಶ್ನೆಯೂ ಕೈಹಿಡಿಯಲಿಲ್ಲ, ಮತ್ತು ರಾಜಕೀಯ ಪ್ರಚಾರ ಹೆಚ್ಚಾಗಿ ಹುಲುಸಾಗಿ ಬೆಳೆಯುವುದು ನಮಗೆ ಗೊತ್ತಿಲ್ಲದ ವಿಷಯಗಳಲ್ಲೇ.