ಮಾನ್ಯತೆ ಬೇರೆ, ಸೌಲಭ್ಯ ಬೇರೆ: ಕ್ಯಾಥೊಲಿಕ್ ಕ್ಯಾಂಪಸ್ಸಿನ ಒಂದು ಹಳೆಯ ವ್ಯಾಜ್ಯ

ಮೈಸೂರಿನ ಸಂತ ಫಿಲೋಮಿನಾ ಕಾಲೇಜು 1946ರಲ್ಲಿ ಆರಂಭವಾಯಿತು; ಪದವಿ ಮೈಸೂರು ವಿಶ್ವವಿದ್ಯಾನಿಲಯದ್ದು, ಆಡಳಿತ ಕ್ಯಾಥೊಲಿಕ್ ಧರ್ಮಪ್ರಾಂತ್ಯದ್ದು. ನಾಡಿನಲ್ಲಿ ಇಂಥ ಕಾಲೇಜುಗಳು ಅನೇಕ. ಅವುಗಳಲ್ಲೊಂದರಲ್ಲಿ ಸಲಿಂಗಕಾಮಿ ವಿದ್ಯಾರ್ಥಿಗಳು ತಮ್ಮದೊಂದು ಸಂಘ ಕಟ್ಟಲು ಮುಂದಾದರೆ ಆಡಳಿತ ಮಂಡಳಿ ಏನನ್ನು ಕೊಡಲೇಬೇಕು, ಏನನ್ನು ನಿರಾಕರಿಸಬಹುದು? ಈ ಪ್ರಶ್ನೆಯನ್ನು ಎಳೆಎಳೆಯಾಗಿ ಬಿಡಿಸಿ ನೋಡಿದ್ದು ಅಮೆರಿಕದ ರಾಜಧಾನಿಯ ಒಂದು ನ್ಯಾಯಾಲಯ.

ಯೇಸುಸಭೆಯ ಪಾದ್ರಿಗಳ ಪರಂಪರೆಯ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಇಂಥ ಎರಡು ವಿದ್ಯಾರ್ಥಿ ಗುಂಪುಗಳು ಮಾನ್ಯತೆ ಕೇಳಿದವು. ಕ್ಯಾಥೊಲಿಕ್ ಧರ್ಮಸಭೆಯ ಬೋಧನೆಗೆ ವಿರುದ್ಧವೆಂದು ಆಡಳಿತ ಒಪ್ಪಲಿಲ್ಲ. ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ನಿಷೇಧಿಸಿದ್ದ 1977ರ ನಗರ ಕಾನೂನನ್ನು ಆಧರಿಸಿ ವಿದ್ಯಾರ್ಥಿಗಳು 1980ರಲ್ಲಿ ದಾವೆ ಹೂಡಿದರು. 1983ರಲ್ಲಿ ಸೋತರು. 1987ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವು ವಿವಾದವನ್ನೇ ಎರಡು ಹೋಳು ಮಾಡಿತು: ಸಂಘವನ್ನು ಮೆಚ್ಚಿ ಅನುಮೋದಿಸುವಂತೆ ಧಾರ್ಮಿಕ ಸಂಸ್ಥೆಯನ್ನು ಯಾರೂ ಬಲವಂತಪಡಿಸುವಂತಿಲ್ಲ, ಆದರೆ ಉಳಿದ ಸಂಘಗಳಿಗೆ ಸಿಗುವ ಅಂಚೆ ಪೆಟ್ಟಿಗೆ, ಪತ್ರ ರವಾನೆಯ ವ್ಯವಸ್ಥೆ, ಅನುದಾನಕ್ಕೆ ಅರ್ಜಿ ಹಾಕುವ ಅವಕಾಶ ಇವರಿಗೂ ಸಿಗಲೇಬೇಕು. ಎರಡೂ ಕಡೆಯವರಿಗೆ ಅರ್ಧ ಸಮಾಧಾನ ತಂದ ತೀರ್ಪು ಇದು. ನನ್ನ ದೃಷ್ಟಿಯಲ್ಲಿ ಅದರ ಜಾಣ್ಮೆಯೂ ಅಲ್ಲೇ ಇದೆ.

ವಿಶ್ವವಿದ್ಯಾನಿಲಯ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ. ಅಮೆರಿಕದ ಸಂಸತ್ತು ಮಾತ್ರ 1989ರಲ್ಲಿ ಆ ನಗರ ಕಾನೂನನ್ನೇ ತಿದ್ದಿ ಧಾರ್ಮಿಕ ವಿದ್ಯಾಸಂಸ್ಥೆಗಳಿಗೆ ವಿನಾಯಿತಿ ನೀಡಿತು. ಹಾಗಿದ್ದೂ 2007ರಲ್ಲಿ ಹಲ್ಲೆಯ ಪ್ರಕರಣವೊಂದರ ನಂತರ ವಿದ್ಯಾರ್ಥಿಗಳು ನಡೆಸಿದ ಚಳವಳಿಗೆ ಮಣಿದು, ಮರುವರ್ಷ ಅದೇ ಜಾರ್ಜ್‌ಟೌನ್ ಲೈಂಗಿಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕ ಕೇಂದ್ರವನ್ನು ತೆರೆಯಿತು. ಕಾನೂನಿನ ಒತ್ತಾಯ ಆಗ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮಲ್ಲಿ ಹಾದಿ ಬೇರೆಯೇ ಆಯಿತು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 1860ರ ದಂಡ ಸಂಹಿತೆಯ 377ನೇ ಕಲಮನ್ನು 2009ರಲ್ಲಿ ದೆಹಲಿ ಹೈಕೋರ್ಟ್ ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಊರ್ಜಿತಗೊಳಿಸಿತು. ದಿಕ್ಕು ಬದಲಿಸಿದ್ದು 2017ರ ಖಾಸಗಿತನದ ತೀರ್ಪು. ಅದರ ಅರ್ಜಿದಾರರು ಮೈಸೂರಿನ ಮಹಾರಾಜ ಕಾಲೇಜಿನ ಹಳೆಯ ವಿದ್ಯಾರ್ಥಿ, ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಲೈಂಗಿಕ ಒಲವೂ ಖಾಸಗಿತನದ ಭಾಗವೆಂದಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ತೀರ್ಮಾನವಾಯಿತು.

ಅಪರಾಧವಲ್ಲ ಎಂದಮಾತ್ರಕ್ಕೆ ಕಾಲೇಜು ಕೊಠಡಿ ಕೊಡಬೇಕೆಂದಾಗುವುದಿಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ನಡೆಸುವ ಹಕ್ಕನ್ನು ನೀಡಿದೆ. 2016ರಲ್ಲಿ ತಿದ್ದುಪಡಿಯಾದ ಯುಜಿಸಿಯ ರ‍್ಯಾಗಿಂಗ್ ನಿಯಮಗಳು ಲೈಂಗಿಕ ಒಲವಿನ ಕಾರಣಕ್ಕೆ ಸಹಪಾಠಿಯನ್ನು ಹಿಂಸಿಸುವುದನ್ನೂ ಹೊರಗಿಡುವುದನ್ನೂ ನಿಷೇಧಿಸುತ್ತವೆ, ಆದರೆ ಸಂಘದ ಮಾತೆತ್ತುವುದಿಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ವಿದ್ಯಾಸಂಸ್ಥೆಗಳಲ್ಲಿನ ತಾರತಮ್ಯವನ್ನು ತಡೆಯುತ್ತದೆಯಾದರೂ ಅದರ ರಕ್ಷಣೆ ಲಿಂಗತ್ವ ಅಲ್ಪಸಂಖ್ಯಾತರಿಗಷ್ಟೇ. ಜಾರ್ಜ್‌ಟೌನಿನ ವಿದ್ಯಾರ್ಥಿಗಳ ಕೈಯಲ್ಲಿದ್ದ 1977ರ ಕಾನೂನಿನಂಥದ್ದು ಮೈಸೂರಿನ ಸಲಿಂಗಕಾಮಿ ವಿದ್ಯಾರ್ಥಿಯ ಕೈಯಲ್ಲಿಲ್ಲ. ಅವನು ಇಂದಿಗೂ ಪ್ರಾಂಶುಪಾಲರ ಒಪ್ಪಿಗೆಯನ್ನೇ ಕೇಳಬೇಕು.