ಝೀನರ್‌ನ ಕಿವಿ ಹಿಂಡಬೇಡಿ

ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಝೀನರ್ ಡಯೋಡ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಬಿಡಿಭಾಗ) ಕೊಂಡು ನೇರವಾಗಿ ನನ್ನ ದುರಸ್ತಿ ಮೇಜಿಗೆ ಬರುವವರ ಅಹವಾಲು ಒಂದೇ: “ಸರ್, 12 ವೋಲ್ಟ್ ಬರುತ್ತಿದೆ, 12.5 ಬೇಕು. ರೆಸಿಸ್ಟರ್ ಕಡಿಮೆ ಮಾಡಿದರೆ ಸಾಕಲ್ಲವೇ?”

ಸಾಲದು. ಝೀನರ್ ಹಿಡಿದಿಡುವ ಮಟ್ಟ, ಅಂದರೆ ಬ್ರೇಕ್‌ಡೌನ್ ವೋಲ್ಟೇಜ್, ತಯಾರಿಕೆಯ ಹೊತ್ತಿಗೇ, ಸಿಲಿಕಾನ್‌ಗೆ ಬೆರಕೆ ಸೇರಿಸುವ ಡೋಪಿಂಗ್‌ನಲ್ಲೇ ನಿರ್ಧಾರವಾಗಿರುತ್ತದೆ. ಅದರ ಸರಣಿಯಲ್ಲಿರುವ ಹೊರಗಿನ ರೆಸಿಸ್ಟರ್ ಹಿಡಿತದಲ್ಲಿ ಇಡುವುದು ಕರೆಂಟನ್ನು ಮಾತ್ರ.

ಆದರೂ ಜನ ಮೋಸಹೋಗುತ್ತಾರೆ, ಏಕೆಂದರೆ ಮೀಟರ್ ಅವರ ಪರವಾಗಿಯೇ ಸಾಕ್ಷಿ ಹೇಳುತ್ತದೆ. 24 ವೋಲ್ಟ್ ಸಪ್ಲೈ, 560 ಓಮ್ ರೆಸಿಸ್ಟರ್, ಒಂದು ವಾಟ್‌ನ 1ಎನ್4742ಎ ಝೀನರ್ ಎಂದುಕೊಳ್ಳಿ. ಹರಿಯುವುದು ಸುಮಾರು 21 ಮಿಲಿಆಂಪ್. ತಯಾರಕರು 12 ವೋಲ್ಟ್ ಎಂದು ಅಳೆದದ್ದೂ ಇದೇ ಕರೆಂಟಿನಲ್ಲಿ. ರೆಸಿಸ್ಟರನ್ನು 150 ಓಮ್‌ಗೆ ಇಳಿಸಿದರೆ ಕರೆಂಟ್ 80 ಮಿಲಿಆಂಪ್ ಆಗುತ್ತದೆ. ಡಯೋಡಿನ ಒಳರೋಧದಿಂದ ವೋಲ್ಟೇಜ್ ಒಂದಿಷ್ಟು ಏರುತ್ತದೆ. ಮೈ ಕಾದ ಮೇಲೆ ಮತ್ತಷ್ಟು ಏರುತ್ತದೆ. 12 ವೋಲ್ಟಿನ ಝೀನರ್‌ಗಳ ಸ್ವಭಾವವೇ ಅದು. ಗ್ರಾಹಕ ಹಿಗ್ಗುತ್ತಾನೆ. ಫ್ಯಾನ್ ಹಾಕಿದೊಡನೆ ವೋಲ್ಟೇಜ್ ಇಳಿಯುತ್ತದೆ, ಡಬ್ಬಿ ಮುಚ್ಚಿದರೆ ಮತ್ತೆ ಏರುತ್ತದೆ. ಇದಕ್ಕೆ ಹೊಂದಿಸುವುದು ಎಂದು ಹೆಸರೇ? ಒಂದು ವಾಟ್‌ನ ಡಯೋಡ್ ಈಗ ಹೆಚ್ಚುಕಡಿಮೆ ಒಂದು ವಾಟನ್ನೇ ನುಂಗುತ್ತಿದೆ. ಅಷ್ಟೇ ಶಾಖವನ್ನು ಹೊತ್ತ ಕಾಲು ವಾಟ್ ರೆಸಿಸ್ಟರ್ ವಾಸನೆ ಬಿಡತೊಡಗುತ್ತದೆ.

ಮುಂಬೈ ಪಕ್ಕದ ವಸಾಯಿಯಲ್ಲಿ ಪ್ಯಾಕಿಂಗ್ ಯಂತ್ರ ತಯಾರಿಸುವ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಈ ಗೋಜಿಗೇ ಹೋಗುವುದಿಲ್ಲ. ಝೀನರ್‌ಗಳನ್ನು ರಾಶಿ ಹಾಕಿಕೊಂಡು, ಒಂದೇ ಕರೆಂಟಿನಲ್ಲಿ ಒಂದೊಂದನ್ನೂ ಅಳೆದು, ಬೇಕಾದದ್ದನ್ನು ಆರಿಸುತ್ತಾರೆ. ಶೇಕಡ 5ರ ವ್ಯತ್ಯಾಸ ಎಂದರೆ 11.4ರಿಂದ 12.6ರವರೆಗೆ ಯಾವುದೂ ಬರಬಹುದು, ಹಾಗಾಗಿ ಅವರ ದಾರಿ ತಪ್ಪಲ್ಲ. “ಇಷ್ಟು ತಾಳ್ಮೆ ಎಲ್ಲಿಂದ ರಾಯರೇ?” ಎಂದರೆ, “ದಿನಾ ಕಿಕ್ಕಿರಿದ ವಿರಾರ್ ಲೋಕಲ್ ರೈಲು ಹತ್ತುವವನಿಗೆ ಇದೇನು ಮಹಾ!” ಎಂದು ನಕ್ಕರು. ತೊಂದರೆ ಆಮೇಲಿನದು: ಯಂತ್ರ ಕೆಟ್ಟಾಗ ಊರಿನ ಮೆಕ್ಯಾನಿಕ್ ಕೈಗೆ ಸಿಕ್ಕ 12 ವೋಲ್ಟಿನ ಝೀನರ್ ಹಾಕುತ್ತಾನೆ.

ಅರ್ಧ ಮುಕ್ಕಾಲು ವೋಲ್ಟ್ ಸಾಕೆನ್ನುವವರು ಝೀನರ್‌ನ ಸರಣಿಯಲ್ಲಿ ಸಾಮಾನ್ಯ ಸಿಲಿಕಾನ್ ಡಯೋಡೊಂದನ್ನು ನೇರ ದಿಕ್ಕಿನಲ್ಲಿ ಸೇರಿಸಬಹುದು. ಬಿಸಿಗೆ ಅದರ ವೋಲ್ಟೇಜ್ ಇಳಿಯುವುದರಿಂದ ಝೀನರ್‌ನ ಏರಿಕೆಯನ್ನು ಕೊಂಚ ತಗ್ಗಿಸುತ್ತದೆ ಕೂಡ.

ನಿಜವಾಗಿ ಹೊಂದಿಸಲೇಬೇಕೆಂದರೆ ಟಿಎಲ್431 ತನ್ನಿ. ಮೂರು ಕಾಲಿನ ಈ ಐಸಿ 2.5ರಿಂದ 36 ವೋಲ್ಟ್‌ವರೆಗೆ, ನೀವು ಹೇಳಿದಲ್ಲಿ ನಿಲ್ಲುತ್ತದೆ. ಔಟ್‌ಪುಟ್ ವೋಲ್ಟೇಜನ್ನು ಹಂಚಿ ಐಸಿಯ ರೆಫರೆನ್ಸ್ ಕಾಲಿಗೆ ಕೊಡುವ ಎರಡು ರೆಸಿಸ್ಟರ್‌ಗಳಲ್ಲಿ ಮೇಲಿನ ತೋಳಿಗೆ 4 ಕಿಲೋಓಮ್, ಕೆಳಗಿನದಕ್ಕೆ 1 ಕಿಲೋಓಮ್ ಕೊಟ್ಟರೆ 12.5 ವೋಲ್ಟ್. ಸರಣಿ ರೆಸಿಸ್ಟರ್ ಇದಕ್ಕೂ ಬೇಕು, ಐಸಿಗೆ ಕನಿಷ್ಠ 1 ಮಿಲಿಆಂಪ್ ಸಿಗಲೇಬೇಕು. ಉಳಿದ ಮಿತಿಗಳಿಗೆ ನೀವು ಕೊಂಡ ಕಂಪನಿಯ ಡೇಟಾಶೀಟ್ ನೋಡಿ. ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕುವುದಾದರೆ ಕೆಳಗಿನ ತೋಳಿನಲ್ಲೇ ಹಾಕಿ. ಅದರ ಸಂಪರ್ಕ ಕಡಿದುಹೋದರೆ ವೋಲ್ಟೇಜ್ 2.5ಕ್ಕೆ ಬೀಳುತ್ತದೆ, ಯಂತ್ರ ನಿಲ್ಲುತ್ತದೆ, ಅಷ್ಟೇ. ಮೇಲಿನ ತೋಳಿನಲ್ಲಿ ಕಡಿದರೆ ವೋಲ್ಟೇಜ್ ಸಪ್ಲೈ ಮಟ್ಟಕ್ಕೇ ಜಿಗಿದು, ಮುಂದಿನ ಬೋರ್ಡನ್ನೂ ಸುಟ್ಟುಹಾಕಬಹುದು.