ಹುಲಿ-ಕುರಿ ಆಟದಲ್ಲಿ ಕುರಿ ಹಿಡಿದವರೇ ಯಾಕೆ ಸೋಲುತ್ತಾರೆ?

ಪ್ರಶ್ನೆ: ರಜೆಯಲ್ಲಿ ಮಕ್ಕಳಿಗೆ ಹುಲಿ-ಕುರಿ ಆಟ ಕಲಿಸಿದೆವು. ತುಂಬಾ ಇಷ್ಟಪಟ್ಟರು. ಆದರೆ ಪ್ರತಿ ಸಲವೂ ಹುಲಿ ಹಿಡಿದವರೇ ಗೆಲ್ಲುತ್ತಾರೆ. ಈಗ ಕುರಿ ತೆಗೆದುಕೊಳ್ಳಲು ಯಾರೂ ಒಪ್ಪುತ್ತಿಲ್ಲ, ಹುಲಿಗಾಗಿ ಜಗಳ. ಆಟವೇ ಹುಲಿಯ ಕಡೆ ವಾಲಿದೆಯೇ, ಇಲ್ಲ ನಾವು ಆಡುವುದರಲ್ಲೇ ತಪ್ಪಿದೆಯೇ?

ಉತ್ತರ: ತಪ್ಪು ಆಡುವುದರಲ್ಲಿದೆ. ಅದೂ ಆಟದ ಕೊನೆಯಲ್ಲಲ್ಲ, ಮೊದಲ ಐದಾರು ಕುರಿ ಇಡುವಾಗಲೇ ಆಗಿಹೋಗಿರುತ್ತದೆ. ಕುರಿ ಹಿಡಿದವರು ಸಿಕ್ಕಸಿಕ್ಕ ಮನೆಯಲ್ಲಿ ಕಾಯಿ ಇಡುತ್ತಾರೆ, ಹುಲಿ ಬಂದು ಹಾರುತ್ತದೆ, ನಾಲ್ಕು ಕುರಿ ಹೋದ ಮೇಲೆ ಎಚ್ಚರವಾಗುತ್ತದೆ. ಆಗ ಎಷ್ಟು ಯೋಚಿಸಿ ಆಡಿದರೂ ಕಷ್ಟವೇ. ಇಡುವ ಹಂತದಲ್ಲಿ ಒಂದೇ ಒಂದು ಲೆಕ್ಕ ಗೊತ್ತಿದ್ದರೆ ಸಾಕು, ಆಟ ಪೂರ್ತಿ ಬೇರೆಯಾಗುತ್ತದೆ.

ಈ ಆಟಕ್ಕೆ ಊರಿಗೊಂದು ಹೆಸರು, ಊರಿಗೊಂದು ಮಣೆ. ಆಡು-ಹುಲಿ ಎನ್ನುವವರಿದ್ದಾರೆ, ಹುಲಿಘಟ್ಟ ಎನ್ನುವವರಿದ್ದಾರೆ. ತಮಿಳರಿಗೆ ಇದು ಆಡು ಪುಲಿ ಆಟ್ಟಂ, ತೆಲುಗರಿಗೆ ಪುಲಿ-ಮೇಕ. ನಾನು ಹೇಳುತ್ತಿರುವುದು 3 ಹುಲಿ, 15 ಕುರಿ, 23 ಮನೆಗಳ ಮಣೆಯ ಬಗ್ಗೆ. ನಿಮ್ಮದು ಅದೇ ಹೌದೋ ಅಲ್ಲವೋ ನೋಡಿಕೊಳ್ಳಿ. ಮೇಲೆ ಒಂದು ತುದಿ. ಆ ತುದಿಯಿಂದ ನಾಲ್ಕು ಗೆರೆಗಳು ಬೀಸಣಿಗೆಯಂತೆ ಹರಡಿಕೊಂಡು ಕೆಳಗಿಳಿಯುತ್ತವೆ. ಅವನ್ನು ಕತ್ತರಿಸಿಕೊಂಡು ಮೂರು ಉದ್ದನೆಯ ಅಡ್ಡಗೆರೆಗಳು. ಇವು ಎರಡೂ ಕಡೆ ಆಚೆಗೆ ಚಾಚಿಕೊಂಡಿರುತ್ತವೆ, ಚಾಚಿದ ತುದಿಗಳನ್ನು ಆ ಪಕ್ಕ ಈ ಪಕ್ಕ ಒಂದೊಂದು ನೆಟ್ಟಗಿನ ಗೆರೆ ಕೂಡಿಸುತ್ತದೆ. ತೀರಾ ಕೆಳಗೆ, ನಾಲ್ಕು ಇಳಿಗೆರೆಗಳು ಮುಗಿಯುವಲ್ಲಿ, ಬುಡದ ಗೆರೆ. ಗೆರೆ ಗೆರೆ ಸೇರುವ ಜಾಗವೇ ಮನೆ. ತುದಿಯಲ್ಲಿ ಒಂದು, ಪ್ರತಿ ಅಡ್ಡಗೆರೆಯಲ್ಲಿ ಆರಾರು, ಬುಡದಲ್ಲಿ ನಾಲ್ಕು. ಕೂಡಿದರೆ 23.

ನಿಯಮ ನಿಮಗೆ ಗೊತ್ತೇ ಇದೆ, ಆದರೂ ಒಮ್ಮೆ ಹೇಳಿಬಿಡುತ್ತೇನೆ, ಏಕೆಂದರೆ ಅರ್ಧ ಜಗಳ ಇಲ್ಲೇ ಹುಟ್ಟುವುದು. ಹುಲಿಗಳು ಮೊದಲೇ ಮಣೆಯ ಮೇಲಿರುತ್ತವೆ. ಸಾಮಾನ್ಯವಾಗಿ ಒಂದು ತುದಿಯಲ್ಲಿ, ಎರಡು ಅದರ ಕೆಳಗೆ ಮೇಲಿನ ಅಡ್ಡಗೆರೆಯ ನಡುವಿನ ಎರಡು ಮನೆಗಳಲ್ಲಿ. ಒಂದು ಕುರಿ ಇಟ್ಟರೆ ಒಂದು ಹುಲಿ ನಡೆಯಬೇಕು. ಹದಿನೈದೂ ಕುರಿ ಇಟ್ಟು ಮುಗಿಯುವ ತನಕ ಇಟ್ಟ ಕುರಿ ಕದಲುವಂತಿಲ್ಲ. ಹುಲಿ ಪಕ್ಕದ ಖಾಲಿ ಮನೆಗೆ ಹೋಗಬಹುದು, ಇಲ್ಲವೇ ಪಕ್ಕದ ಕುರಿಯನ್ನು ಹಾರಿ ಅದೇ ನೇರ ಗೆರೆಯಲ್ಲಿರುವ ಆಚೆ ಮನೆಗೆ ಬೀಳಬಹುದು, ಆ ಮನೆ ಖಾಲಿ ಇದ್ದರೆ. ಹಾರಿಸಿಕೊಂಡ ಕುರಿ ಸತ್ತಂತೆ. ಹುಲಿ ಹುಲಿಯನ್ನು ಹಾರುವಂತಿಲ್ಲ. ಒಂದೇ ನಡೆಯಲ್ಲಿ ಎರಡು ಮೂರು ಕುರಿ ಹಾರಲು ಬಿಡುವವರೂ ಉಂಟು. ಮಕ್ಕಳು ಕುರಿ ಆಡುತ್ತಿದ್ದರೆ ಅದನ್ನು ಸದ್ಯಕ್ಕೆ ಬಿಟ್ಟುಬಿಡಿ. ಒಂದು ನಡೆಗೆ ಒಂದೇ ಕುರಿ ಸಾಕು.

ಈಗ ಹಾರುವ ನಿಯಮವನ್ನು ಇನ್ನೊಮ್ಮೆ ನೋಡಿ. ಕುರಿಯ ಒಂದು ಬದಿಗೆ ಹುಲಿ ಇರಬೇಕು, ಅದೇ ಗೆರೆಯಲ್ಲಿ ಇನ್ನೊಂದು ಬದಿಯ ಮನೆ ಖಾಲಿ ಇರಬೇಕು. ಎರಡೂ ಕೂಡಿ ಬಂದರೆ ಮಾತ್ರ ಸಾವು. ಹುಲಿ ಎಲ್ಲಿಗೆ ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಹಿಂದಿನ ಮನೆ ತುಂಬಿರಬೇಕೋ ಖಾಲಿ ಇರಬೇಕೋ ಎಂಬುದು ನಮ್ಮ ಕೈಯಲ್ಲಿದೆ. ಚಿಕ್ಕಂದಿನಲ್ಲಿ ನಮಗೆ ಆಟ ಕಲಿಸಿದ ದೊಡ್ಡಪ್ಪ ಯಾವಾಗಲೂ ಕುರಿಯನ್ನೇ ತೆಗೆದುಕೊಳ್ಳುತ್ತಿದ್ದರು, ಹುಣಸೆ ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ನಾನು ಕುರಿ ಕಳೆದುಕೊಂಡು ಅತ್ತಾಗ ಹೇಳಿದ್ದು ಇಷ್ಟೇ: "ಹುಲೀನ ಯಾಕೆ ನೋಡ್ತೀಯೋ, ನಿನ್ನ ಕುರಿ ಬೆನ್ನ ಹಿಂದೆ ನೋಡು."

ಹಾಗಾದರೆ ಬೆನ್ನೇ ಇಲ್ಲದ ಮನೆಗಳು ಯಾವುವು? ಅಂದರೆ ಯಾವ ಗೆರೆಯೂ ಹಾದುಹೋಗದೆ, ಬಂದ ಗೆರೆಗಳೆಲ್ಲ ಅಲ್ಲೇ ಮುಗಿಯುವ ಮನೆಗಳು. ಬೆರಳಿಟ್ಟು ಎಣಿಸಿ. ಮೇಲಿನ ಅಡ್ಡಗೆರೆಯ ಎರಡು ಕೊನೆಗಳು, ಕೆಳಗಿನ ಅಡ್ಡಗೆರೆಯ ಎರಡು ಕೊನೆಗಳು, ಬುಡದ ಗೆರೆಯ ಎರಡು ಕೊನೆಗಳು. ಒಟ್ಟು ಆರು ಮೂಲೆ. (ತುದಿಯೂ ಅಂಥದ್ದೇ, ಆದರೆ ಅಲ್ಲಿ ಹುಲಿ ಕೂತಿದೆ.) ಈ ಆರು ಮೂಲೆಗಳಲ್ಲಿ ಕೂತ ಕುರಿಯನ್ನು ಯಾವ ಹುಲಿಯೂ, ಯಾವ ಕಾಲಕ್ಕೂ ಹಾರಲಾರದು, ಏಕೆಂದರೆ ಆಚೆ ಬೀಳಲು ಮನೆಯೇ ಇಲ್ಲ. ಮೊದಲ ಆರು ಕುರಿ ಇಲ್ಲಿಗೆ ಹೋಗಬೇಕು.

ಮೂಲೆ ತುಂಬಿದ ಮೇಲೆ ಒಂದು ಸೊಗಸಾದ ಸಂಗತಿ ನಡೆಯುತ್ತದೆ. ಪಕ್ಕದ ನೆಟ್ಟಗಿನ ಗೆರೆಯ ನಡುಮನೆ ನೋಡಿ: ಅಲ್ಲಿನ ಕುರಿಯನ್ನು ಹಾರಬೇಕಾದರೆ ಹುಲಿ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ, ಇಲ್ಲವೇ ಕೆಳಗಿನಿಂದ ಮೇಲಕ್ಕೆ ನೆಗೆಯಬೇಕು. ಎರಡರಲ್ಲೂ ಕುರಿ ಕೂತಿದೆ. ಹಾಗಾಗಿ ಎರಡು ಪಕ್ಕಗಳ ನಡುಮನೆಗಳೂ ಭದ್ರ. ಬುಡದ ಗೆರೆಯ ಒಳಗಿನ ಎರಡು ಮನೆಗಳದೂ ಅದೇ ಕತೆ: ಮೂಲೆಯಲ್ಲಿ ಕುರಿ ಇರುವುದರಿಂದ ಅಡ್ಡಡ್ಡ ಹಾರಲು ಜಾಗವಿಲ್ಲ, ಮೇಲಿನಿಂದ ಬರುವ ಗೆರೆ ಅಲ್ಲೇ ಮುಗಿಯುತ್ತದೆ. ಇಲ್ಲಿಗೆ ಹತ್ತು ಕುರಿ ಕೂತವು, ಒಂದೂ ಸಾಯದೆ.

ಇನ್ನು ಕೆಳಗಿನ ಅಡ್ಡಗೆರೆ. ಬುಡ ತುಂಬಿದೆ, ಆದ್ದರಿಂದ ಮೇಲಿನಿಂದ ಹಾರಿದರೆ ಹುಲಿಗೆ ಬೀಳಲು ಮನೆಯಿಲ್ಲ. ಅಡ್ಡಡ್ಡ ಹಾರದಂತೆ ನೋಡಿಕೊಳ್ಳಲು ಎರಡೂ ಕೊನೆಯಿಂದ ಒಳಗೆ ತುಂಬುತ್ತ ಬನ್ನಿ, ನಡುವಿನಿಂದ ಶುರು ಮಾಡಬೇಡಿ. ನಾಲ್ಕು ಕುರಿ ಕೂತರೆ ಹದಿನಾಲ್ಕು. ಹದಿನೈದನೆಯದು ನಡು ಅಡ್ಡಗೆರೆಯಲ್ಲಿ, ಪಕ್ಕದ ಕುರಿಗೆ ಒತ್ತಿಕೊಂಡು. ಅದರ ಕೆಳಗೂ ಕುರಿ, ಪಕ್ಕಕ್ಕೂ ಕುರಿ. ಹದಿನೈದೂ ಕುರಿಗಳು ಮಣೆಯ ಮೇಲೆ, ಹುಲಿಗೆ ಒಂದು ತುತ್ತೂ ಸಿಕ್ಕಿಲ್ಲ. ಕಾಗದದ ಮೇಲೆ ಗೆರೆ ಎಳೆದು, ಕಾಯಿ ಇಟ್ಟು ನೀವೇ ಪರೀಕ್ಷೆ ಮಾಡಿ ನೋಡಿ. ಎಲ್ಲೂ ಸಂದು ಸಿಗುವುದಿಲ್ಲ.

ಹುಲಿ ಹಿಡಿದವರು ಸುಮ್ಮನೆ ಕೂರುವುದಿಲ್ಲ ಎಂಬುದು ನಿಜ. ಚುರುಕಾದ ಎದುರಾಳಿ ಹುಲಿಯನ್ನು ಇಳಿಸಿಕೊಂಡು ಬಂದು ನಿಮ್ಮ ಮೂಲೆಯಲ್ಲೇ ಕೂರಿಸಬಹುದು. ಹೆದರಬೇಡಿ, ಅದು ನಿಮಗೆ ಒಳ್ಳೆಯದೇ. ಬುಡದ ಮೂಲೆಗೆ ಬಂದ ಹುಲಿಗೆ ಹೊರಹೋಗಲು ಎರಡೇ ದಾರಿ. ಒಂದೊಂದು ದಾರಿಗೆ ಎರಡೆರಡು ಕುರಿ, ಒಂದರ ಹಿಂದೆ ಒಂದು. ನಾಲ್ಕೇ ಕುರಿಯಲ್ಲಿ ಅದು ಕದಲಲಾಗದಂತೆ ಕಟ್ಟಿಹೋಯಿತು, ಇಡುವ ಹಂತದಲ್ಲೇ. ಆದರೆ ಇಡುವ ಕ್ರಮ ನೆನಪಿರಲಿ: ದೂರದ ಕುರಿ ಮೊದಲು, ಹುಲಿಯ ಪಕ್ಕದ ಕುರಿ ಆಮೇಲೆ. ತಿರುಗುಮುರುಗಾದರೆ ಪಕ್ಕದ ಕುರಿ ಹೋಯಿತು ಎಂದೇ ಲೆಕ್ಕ. ಹಾಗೆಯೇ ನಿಮ್ಮ ಸಾಲಿನ ನಡುವೆ ಹುಲಿ ನುಗ್ಗಿ ಕೂತಿದ್ದರೆ ಕುರುಡಾಗಿ ಮುಂದಿನ ಮನೆ ತುಂಬಬೇಡಿ. ಆ ಹುಲಿಯಿಂದ ಹೊರಡುವ ಪ್ರತಿ ಗೆರೆಯಲ್ಲೂ ಎರಡನೇ ಮನೆ ತುಂಬಿದೆಯೇ ಎಂದು ನೋಡಿ ಇಡಿ.

ಕುರಿಗಳು ನಡೆಯಲು ತೊಡಗಿದ ಮೇಲೆ ನಿಜವಾದ ತಾಳ್ಮೆ ಬೇಕು. 23 ಮನೆಯಲ್ಲಿ 18 ಕಾಯಿ, ಉಳಿದದ್ದು 5 ಖಾಲಿ ಮನೆ. ಆ ಐದೂ ಈಗ ಹುಲಿಗಳ ಕಡೆ ಇವೆ. ಒಂದೊಂದಾಗಿ ಅವನ್ನು ಕುರಿಗಳ ಕಡೆಗೆ ತಂದುಕೊಂಡರೆ ಹುಲಿಗೆ ಉಸಿರಾಡಲು ಜಾಗ ಉಳಿಯುವುದಿಲ್ಲ. ಕುರಿ ಕಡೆಯ ಆಟವೆಂದರೆ ಇದೇ. ತೊಂದರೆ ಏನೆಂದರೆ ಕುರಿ ಮುಂದೆ ಹೆಜ್ಜೆ ಇಟ್ಟ ತಕ್ಷಣ ಅದು ಬಿಟ್ಟುಬಂದ ಮನೆ ಖಾಲಿ, ಅದೇ ಅದರ ಬೆನ್ನ ಹಿಂದಿನ ಮನೆ. ನಮ್ಮ ಸರದಿ ಬಂದಾಗ ಆಡದೆ ಇರುವಂತೆಯೂ ಇಲ್ಲ. ಆದ್ದರಿಂದ ಪ್ರತಿ ಮುನ್ನಡೆಯನ್ನೂ ಎರಡು ನಡೆಯ ಕೆಲಸ ಎಂದೇ ಎಣಿಸಿ. ಕೆಳಗಿನ ಅಡ್ಡಗೆರೆಯಲ್ಲಿ ಕೊನೆಯಿಂದ ಎರಡನೇ ಕುರಿ ನಡುಗೆರೆಗೆ ಏರಿತು ಎನ್ನಿ. ಅದೇ ಗೆರೆಯಲ್ಲಿ ನೇರ ಮೇಲೆ ಹುಲಿ ಆಗಲೇ ಕೂತಿದ್ದರೆ ಕುರಿ ಸತ್ತಿತು. ಕೂತಿಲ್ಲವಾದರೆ ಹುಲಿ ಅಲ್ಲಿಗೆ ಬರಲು ಒಂದು ನಡೆ ಬೇಕು, ಅಷ್ಟರಲ್ಲಿ ಬುಡದ ಕುರಿ ಮೇಲೇರಿ ಖಾಲಿ ಮನೆ ಮುಚ್ಚುತ್ತದೆ. ಹುಲಿಗಳು ಬಲಕ್ಕಿದ್ದಾಗ ಎಡಕ್ಕೆ ಏರಿ, ಎಡಕ್ಕೆ ಬಂದಾಗ ಬಲಕ್ಕೆ ಏರಿ. ಪಕ್ಕದಿಂದ ಒಳಕ್ಕೆ ಒತ್ತುತ್ತ ಹೋಗಿ. ನಡುವಿನಿಂದ ಒಂಟಿ ಕುರಿ ಮುಂದೆ ಕಳಿಸುವ ಚಟವೇ ಮಕ್ಕಳನ್ನು ಸೋಲಿಸುವುದು.

ಎರಡು ಸಾಲು ಬೇಕು ಎಂಬುದನ್ನು ಮರೆಯಬೇಡಿ. ಹುಲಿಗೆ ಎದುರಾಗಿ ಒಂದು ಸಾಲು, ಅದಕ್ಕೆ ಆತು ಇನ್ನೊಂದು. ಎರಡನೇ ಸಾಲಿನ ಹಿಂದೆ ಎಷ್ಟು ಮನೆ ಖಾಲಿ ಬಿದ್ದರೂ ಚಿಂತೆಯಿಲ್ಲ.

ಕೊನೆಗೆ ಮೂರೂ ಹುಲಿಗಳನ್ನು ಕದಲದಂತೆ ಕಟ್ಟಿ ಗೆಲ್ಲಲು ಎಷ್ಟು ಕುರಿ ಬೇಕು? ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ಮೂರೂ ಹುಲಿಗಳು ಹೊರಟ ಜಾಗದಲ್ಲೇ, ತುದಿಯಲ್ಲೊಂದು ಅದರ ಕೆಳಗೆರಡು, ಒತ್ತಿಕೊಂಡು ಕೂತಿದ್ದರೆ 10 ಕುರಿ ಬೇಕು: ಮೇಲಿನ ಅಡ್ಡಗೆರೆಯಲ್ಲಿ ಆಚೆ ಈಚೆ ಎರಡೆರಡು, ನಡುಗೆರೆಯ ನಾಲ್ಕು ಒಳಮನೆಗಳಲ್ಲಿ ನಾಲ್ಕು, ಕೆಳಗಿನ ಅಡ್ಡಗೆರೆಯ ನಡುವೆ ಎರಡು. ಅದೇ ಮೂರು ಹುಲಿಗಳು ಪಕ್ಕದ ನೆಟ್ಟಗಿನ ಗೆರೆಯಲ್ಲಿ ಒಂದರ ಕೆಳಗೊಂದು ಕೂತುಬಿಟ್ಟರೆ 6 ಕುರಿ ಸಾಕು, ಪ್ರತಿ ಅಡ್ಡಗೆರೆಗೆ ಎರಡು. ಹುಲಿ ಹುಲಿಯನ್ನು ಹಾರುವಂತಿಲ್ಲವಲ್ಲ, ಒಂದಕ್ಕೊಂದು ಅವೇ ಅಡ್ಡ. ಇದರಿಂದ ಎರಡು ಮಾತು ತಿಳಿಯುತ್ತದೆ. ಹುಲಿಗಳನ್ನು ಪಕ್ಕಕ್ಕೆ ತಳ್ಳುವುದೇ ಕುರಿಯ ಗುರಿಯಾಗಬೇಕು. ಮತ್ತೆ, ಐದು ಕುರಿ ಹೋದರೂ ಆಟ ಮುಗಿದಿಲ್ಲ. ಉಳಿದ ಹತ್ತರಲ್ಲಿ ಆ ತುದಿಯ ಕಟ್ಟೂ ಸಾಧ್ಯ. ಆರನೆಯದು ಹೋದಾಗ ಮಾತ್ರ ಹುಲಿ ತುದಿಗೆ ಹೋಗಿ ಕೂತರೆ ಕಷ್ಟ. ಎಷ್ಟು ಕುರಿ ತಿಂದರೆ ಹುಲಿ ಗೆದ್ದಂತೆ ಎನ್ನುವುದು ಊರಿಂದೂರಿಗೆ ಬೇರೆ. ನನ್ನನ್ನು ಕೇಳಿದರೆ ಆರು ಎಂದು ಇಟ್ಟುಕೊಳ್ಳಿ.

ಆಟವೇ ವಾಲಿದೆಯೇ ಎಂದು ಕೇಳಿದಿರಿ. ನೇಪಾಳದ ಬಾಘ್‌ಚಾಲ್ ಇದೇ ಕುಟುಂಬದ ಆಟ: 25 ಮನೆ, ನಾಲ್ಕು ಮೂಲೆಯಲ್ಲಿ ನಾಲ್ಕು ಹುಲಿ, 20 ಆಡು, ಐದು ಆಡು ತಿಂದರೆ ಹುಲಿ ಗೆದ್ದಂತೆ. ಅಲ್ಲೂ ಹೊಸಬರು ಆಡಿನ ಕಡೆ ಆಡಿ ಸೋಲುತ್ತಲೇ ಇರುತ್ತಾರೆ. ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ಇಬ್ಬರು ಗಣಕ ವಿಜ್ಞಾನಿಗಳು ಅದನ್ನು ಕಂಪ್ಯೂಟರಿನಲ್ಲಿ ಪೂರ್ತಿ ಬಗೆದು ನೋಡಿದಾಗ ಸಿಕ್ಕ ಉತ್ತರ: ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ, ಆಟ ಸಮ. ನಮ್ಮ 23 ಮನೆಯ ಮಣೆ ಬೇರೆ, ಅದರ ಉತ್ತರ ಇದಕ್ಕೆ ಅನ್ವಯಿಸುವುದಿಲ್ಲ. ಆದರೂ ಸಾಲುಸಾಲು ಸೋಲು ಕಂಡ ಮಾತ್ರಕ್ಕೆ ಆಟ ವಾಲಿದೆ ಎನ್ನಲಾಗದು ಎಂಬುದಕ್ಕೆ ಅಷ್ಟು ಸಾಕು. ಹಂಪಿಯ ಗುಡಿಗಳ ಕಲ್ಲುಹಾಸಿನ ಮೇಲೆ ಕೆತ್ತಿದ ಆಟದ ಮಣೆಗಳನ್ನು ಕಂಡಾಗಲೆಲ್ಲ ನನಗನ್ನಿಸುವುದು, ಒಂದೇ ಕಡೆ ಗೆಲ್ಲುವ ಆಟಕ್ಕಾಗಿ ಯಾರೂ ಉಳಿ ಹಿಡಿದು ಕಲ್ಲು ಕಡಿಯುತ್ತ ಕೂರುತ್ತಿರಲಿಲ್ಲ.

ಹುಲಿ ಆಡುವುದು ಸುಲಭ, ಕುರಿ ಆಡುವುದು ಕಲಿಯಬೇಕಾದದ್ದು. ಹಾಗಾಗಿ ಮಕ್ಕಳ ಜೊತೆ ಕೂತಾಗ ಮೊದಲ ಕೆಲವು ಆಟ ನೀವೇ ಕುರಿ ತೆಗೆದುಕೊಳ್ಳಿ. ಪ್ರತಿ ಕಾಯಿ ಇಡುವಾಗಲೂ ಯಾಕೆ ಅಲ್ಲೇ ಇಟ್ಟಿರಿ ಎಂದು ಬಾಯಿಬಿಟ್ಟು ಹೇಳಿ: "ಇದು ಮೂಲೆ ಪುಟ್ಟಾ, ಇಲ್ಲಿ ಹುಲಿ ಹಾರೋಕಾಗಲ್ಲ, ನೋಡು." ಮಗು ಹುಲಿ ಹಿಡಿದುಕೊಂಡೇ ಆ ಗೋಡೆ ಹೇಗೆ ಏಳುತ್ತದೆ ಎಂದು ಕಣ್ಣಾರೆ ನೋಡುತ್ತದೆ. ಆಮೇಲೆ ಬದಲಾಯಿಸಿ. ಆಗ ಗೆಲುವು-ಸೋಲನ್ನು ಬದಿಗಿಟ್ಟು ಎಷ್ಟು ಕುರಿ ಉಳಿಸಿಕೊಂಡೆ ಎಂದು ಎಣಿಸುವ ರೂಢಿ ಮಾಡಿ. ಇಬ್ಬರೂ ಒಂದೊಂದು ಸಲ ಕುರಿ ಆಡಿ, ಹೆಚ್ಚು ಉಳಿಸಿದವರು ಗೆದ್ದಂತೆ. ಹುಲಿಗಾಗಿ ಜಗಳ ತಾನಾಗಿ ನಿಲ್ಲುತ್ತದೆ. ಇನ್ನೊಂದು ಮಾತು, ಮಗು ಕುರಿ ಆಡಿ ಸೋತಾಗ ಕಾಯಿಗಳನ್ನು ತಕ್ಷಣ ಬಾಚಿ ಡಬ್ಬಿಗೆ ಹಾಕಬೇಡಿ. ಮೊದಲ ಕುರಿ ಸತ್ತ ಮನೆಯ ಮೇಲೆ ಬೆರಳಿಡಿ, ಅದರ ಹಿಂದಿನ ಮನೆಯಲ್ಲಿ ಒಂದು ಹುಣಸೆ ಬೀಜ ಇಟ್ಟು, "ಈಗ ಹಾರು ನೋಡೋಣ" ಅನ್ನಿ.